ಕರೆಂಟನ್ನು ಯಾರೂ ತಿನ್ನುವುದಿಲ್ಲ

‘ಕರೆಂಟ್ ಹೋಯ್ತು.’ ‘ಕರೆಂಟ್ ಬಿಲ್ ಜಾಸ್ತಿ ಬಂದಿದೆ.’ ‘ಮುಟ್ಟಬೇಡ, ಕರೆಂಟ್ ಹೊಡೆಯುತ್ತೆ.’ ‘ಈ ಗೀಸರ್ ಸಿಕ್ಕಾಪಟ್ಟೆ ಕರೆಂಟ್ ತಿನ್ನುತ್ತೆ.’ ನಮ್ಮ ಮನೆಗಳಲ್ಲಿ ದಿನವೂ ಕೇಳುವ ಮಾತುಗಳಿವು. ಮೊದಲನೆಯದರಲ್ಲಿ ಕರೆಂಟ್ ಎಂದರೆ ಪೂರೈಕೆ. ಎರಡನೆಯದರಲ್ಲಿ ಯೂನಿಟ್ಟಿನ ಲೆಕ್ಕದಲ್ಲಿ ದುಡ್ಡು ಕಟ್ಟುವ ಶಕ್ತಿ. ನಾಲ್ಕನೆಯದರಲ್ಲೂ ಶಕ್ತಿಯೇ. ಮೂರನೆಯ ಮಾತೊಂದೇ ನಿಜವಾದ ಕರೆಂಟಿನದು, ಅಂದರೆ ವಿದ್ಯುತ್ ಪ್ರವಾಹದ್ದು.

ದಿನಬಳಕೆಯ ಮಾತಿಗೆ ಇದರಿಂದ ತೊಂದರೆಯೇನಿಲ್ಲ. ಆದರೆ ಕೈಗೆ ಮೀಟರ್ ತೆಗೆದುಕೊಂಡವರನ್ನು ‘ತಿನ್ನುತ್ತೆ’ ಎಂಬ ಆ ಕ್ರಿಯಾಪದ ದಾರಿ ತಪ್ಪಿಸುತ್ತದೆ. ಬಲ್ಬಿನೊಳಗೆ ಎಷ್ಟು ಕರೆಂಟ್ ಹೋಗುತ್ತದೋ ಅಷ್ಟೇ ಹೊರಗೆ ಬರುತ್ತದೆ, ಒಂದು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಕರೆಂಟನ್ನು ಎಲ್ಲಿ ಅಳೆಯಬೇಕು, ಮೀಟರನ್ನು ಹೇಗೆ ಜೋಡಿಸಬೇಕು, ಹರಿವನ್ನು ಹೆಚ್ಚುಕಡಿಮೆ ಮಾಡುವುದು ಹೇಗೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ. ನಾಲ್ಕು ಸೆಲ್ಲು, ಒಂದು ಎಲ್‌ಇಡಿ, ಒಂದು ಮೀಟರ್ ಇದ್ದರೆ ಊಟದ ಮೇಜಿನ ಮೇಲೆಯೇ ಅದನ್ನು ಮಾಡಿ ನೋಡಬಹುದು.

ಬೇಕಾಗುವ ಸಾಮಾನು

ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ಲು ನಾಲ್ಕು, ಅವನ್ನು ಕೂರಿಸುವ ಹೋಲ್ಡರ್, ಕೆಂಪು ಎಲ್‌ಇಡಿ ಎರಡು, ಕ್ರೊಕೊಡೈಲ್ ಕ್ಲಿಪ್ ಇರುವ ನಾಲ್ಕೈದು ವೈರು, ಒಂದು ಡಿಜಿಟಲ್ ಮಲ್ಟಿಮೀಟರ್. ಜೊತೆಗೆ ಕಾಲು ವ್ಯಾಟಿನ ಕೆಲವು ರೆಸಿಸ್ಟರುಗಳು: 100, 220, 330, 470, 560 ಮತ್ತು 1000 ಓಮ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಹತ್ತಿರ. ಉಳಿದ ಊರುಗಳಲ್ಲಿ ಟಿವಿ, ರೇಡಿಯೊ ರಿಪೇರಿ ಮಾಡುವವರ ಬಳಿ ಕೇಳಿದರೆ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ.

ಸೆಲ್ಲಿನಿಂದ ಹೊರಡುವ ಕರೆಂಟ್ ಯಾವಾಗಲೂ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಇದನ್ನು ಡಿಸಿ ಅಥವಾ ನೇರ ವಿದ್ಯುತ್ ಪ್ರವಾಹ ಎನ್ನುತ್ತೇವೆ. ಗೋಡೆಯ ಪ್ಲಗ್ಗಿನಲ್ಲಿರುವುದು ಎಸಿ, 230 ವೋಲ್ಟ್, ಜೀವ ತೆಗೆಯುವಂಥದ್ದು. ಇಲ್ಲಿ ಹೇಳುವ ಯಾವ ಪ್ರಯೋಗವನ್ನೂ ಪ್ಲಗ್ಗಿನಲ್ಲಿ ಮಾಡಬಾರದು.

ದಾರಿ ಒಂದೇ, ಹರಿವೂ ಒಂದೇ

ಹೋಲ್ಡರಿನ ಪ್ಲಸ್ ತುದಿಯಿಂದ ಒಂದು ವೈರನ್ನು 330 ಓಮ್ ರೆಸಿಸ್ಟರಿಗೆ ಕೊಡಿ. ಅದರ ಬಣ್ಣದ ಪಟ್ಟಿ ಕಿತ್ತಳೆ, ಕಿತ್ತಳೆ, ಕಂದು. ಕೊನೆಯದು ಸಾಮಾನ್ಯವಾಗಿ ಚಿನ್ನದ ಬಣ್ಣ. ರೆಸಿಸ್ಟರಿನ ಇನ್ನೊಂದು ತುದಿಯನ್ನು ಎಲ್‌ಇಡಿಯ ಉದ್ದ ಕಾಲಿಗೆ ಸೇರಿಸಿ. ಗಿಡ್ಡ ಕಾಲಿನಿಂದ ಹೊರಟ ವೈರು ಸೆಲ್ಲಿನ ಮೈನಸ್‌ಗೆ ಹೋಗಲಿ. ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ಒಂದರ ಹಿಂದೆ ಒಂದು, ಕವಲಿಲ್ಲದೆ ಜೋಡಿಸಿದ ಇಂಥ ಮಂಡಲಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಸರಣಿ ಜೋಡಣೆ ಎಂದು ಹೆಸರು.

ಸರಣಿ ಜೋಡಣೆಯನ್ನು ನೀವು ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ ನೋಡುತ್ತಲೇ ಇದ್ದೀರಿ. ‘ಸೀರಿಯಲ್ ಸೆಟ್’ ಎಂಬ ಹೆಸರು ಬಂದದ್ದೇ ಇದರಿಂದ. ಹಳೆಯ ಸೆಟ್ಟುಗಳಲ್ಲಿ 6 ವೋಲ್ಟಿನ ಬಲ್ಬಾದರೆ ಸುಮಾರು 40 ಬಲ್ಬುಗಳನ್ನು ಸಾಲಾಗಿ ಪೋಣಿಸಿದಾಗ 230 ವೋಲ್ಟ್ ಹಂಚಿಹೋಗುತ್ತಿತ್ತು. ಒಂದು ಬಲ್ಬು ಸುಟ್ಟರೆ ಇಡೀ ಸರ ಆರುತ್ತಿತ್ತು, ಏಕೆಂದರೆ ಇದ್ದ ಒಂದೇ ದಾರಿ ಅಲ್ಲಿ ಕಡಿದುಹೋಗಿರುತ್ತಿತ್ತು.

ಈಗ ನಮ್ಮ ಮಂಡಲದಲ್ಲಿ ಮೂರು ಜಾಗಗಳಲ್ಲಿ ಕರೆಂಟನ್ನು ಅಳೆಯಿರಿ: ಪ್ಲಸ್ ಮತ್ತು ರೆಸಿಸ್ಟರಿನ ನಡುವೆ, ರೆಸಿಸ್ಟರ್ ಮತ್ತು ಎಲ್‌ಇಡಿಯ ನಡುವೆ, ಎಲ್‌ಇಡಿ ಮತ್ತು ಮೈನಸ್‌ನ ನಡುವೆ. ಅಳೆಯುವ ಕ್ರಮವನ್ನು ಮುಂದಿನ ಭಾಗದಲ್ಲಿ ಹೇಳುತ್ತೇನೆ. ಮೂರೂ ಕಡೆ ಒಂದೇ ಅಂಕಿ ಬರುತ್ತದೆ, ಸುಮಾರು 12 ಮಿಲಿ ಆಂಪಿಯರ್. ‘ಎಲ್‌ಇಡಿ ದಾಟಿದ ಮೇಲೆ ಕಡಿಮೆಯಾಗಬೇಕಲ್ಲ?’ ಎಂದು ಮಕ್ಕಳು ಕೇಳುತ್ತಾರೆ, ಅನೇಕ ದೊಡ್ಡವರೂ ಕೇಳುತ್ತಾರೆ. ಅವರಿಗೆ ನಾನು ಸೈಕಲ್ಲಿನ ಚೈನನ್ನು ತೋರಿಸುತ್ತೇನೆ. ಪೆಡಲ್ ತುಳಿದಾಗ ಚೈನು ಮುಂದಿನ ಹಲ್ಲುಚಕ್ರದಿಂದ ಹಿಂದಿನ ಹಲ್ಲುಚಕ್ರಕ್ಕೆ ಬಲವನ್ನು ಒಯ್ಯುತ್ತದೆ. ಹಿಂದಿನ ಗಾಲಿ ಚೈನಿನ ಕೊಂಡಿಗಳನ್ನು ತಿಂದುಬಿಡುವುದಿಲ್ಲ. ಹೋದ ಕೊಂಡಿಗಳೆಲ್ಲ ಸುತ್ತಿ ಮರಳಿ ಬರುತ್ತವೆ. ಚೈನಿನ ಯಾವ ಜಾಗದಲ್ಲಿ ನಿಂತು ಎಣಿಸಿದರೂ ಸೆಕೆಂಡಿಗೆ ಹಾದುಹೋಗುವ ಕೊಂಡಿಗಳ ಸಂಖ್ಯೆ ಒಂದೇ. ಖರ್ಚಾಗುವುದು ತುಳಿಯುವವರ ಶಕ್ತಿ.

ಈ ಕೊಂಡಿಗಳನ್ನೇ ಎಲೆಕ್ಟ್ರಾನ್‌ಗಳೆಂದುಕೊಳ್ಳಿ. ಒಂದು ಆಂಪಿಯರ್ ಎಂದರೆ ಒಂದು ಸೆಕೆಂಡಿನಲ್ಲಿ 624ರ ಮುಂದೆ 16 ಸೊನ್ನೆ ಇಟ್ಟಷ್ಟು ಎಲೆಕ್ಟ್ರಾನ್‌ಗಳು ಹಾದುಹೋಗುವ ಹರಿವು. 2019ರಿಂದ ಆಂಪಿಯರಿನ ಅಂತರರಾಷ್ಟ್ರೀಯ ವ್ಯಾಖ್ಯೆಯೇ ಎಲೆಕ್ಟ್ರಾನಿನ ವಿದ್ಯುದಂಶದ ಮೇಲೆ ನಿಂತಿದೆ. ನಮ್ಮ ಪುಟ್ಟ ಎಲ್‌ಇಡಿಯ 12 ಮಿಲಿ ಆಂಪಿಯರಿನಲ್ಲೂ ಸೆಕೆಂಡಿಗೆ 75ರ ಮುಂದೆ 15 ಸೊನ್ನೆಯಷ್ಟು ಎಲೆಕ್ಟ್ರಾನ್‌ಗಳು ಸಾಗುತ್ತವೆ. ಆದರೆ ಅವು ನಡೆಯುವ ವೇಗ ಬಹಳ ಕಡಿಮೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಎಲೆಕ್ಟ್ರಾನ್‌ಗಳು ಸೆಕೆಂಡಿಗೆ 0.07 ಮಿಲಿಮೀಟರಿನಷ್ಟು ಮಾತ್ರ ಮುಂದಕ್ಕೆ ಸರಿಯುತ್ತವೆ. ಗಂಟೆಗೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು! ಆದರೂ ಸ್ವಿಚ್ ಒತ್ತಿದ ತಕ್ಷಣ ದೀಪ ಹತ್ತುತ್ತದೆ. ಪೆಡಲ್ ಮೇಲೆ ಕಾಲಿಟ್ಟ ಕ್ಷಣದಲ್ಲೇ ಚೈನು ಪೂರ್ತಿ ಒಟ್ಟಿಗೆ ಹೊರಡುವ ಹಾಗೆ, ತಂತಿಯ ತುಂಬ ಮೊದಲೇ ಇದ್ದ ಎಲೆಕ್ಟ್ರಾನ್‌ಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಮ್ಮೆಗೇ ಚಲಿಸತೊಡಗುತ್ತವೆ.

ಅಳೆಯುವ ಕ್ರಮ

ವೋಲ್ಟೇಜ್ ಅಳೆಯುವುದು ಸುಲಭ. ನಡೆಯುತ್ತಿರುವ ಮಂಡಲವನ್ನು ಹಾಗೇ ಬಿಟ್ಟು ಎರಡು ಬಿಂದುಗಳಿಗೆ ಎರಡು ಪ್ರೋಬ್ ಮುಟ್ಟಿಸಿದರಾಯಿತು. ಕರೆಂಟ್ ಹಾಗಲ್ಲ. ಅದು ಎರಡು ಬಿಂದುಗಳ ನಡುವಿನ ವ್ಯತ್ಯಾಸವಲ್ಲ, ಒಂದು ಬಿಂದುವನ್ನು ಹಾದುಹೋಗುವ ಹರಿವು. ಅದನ್ನು ಅಳೆಯಬೇಕೆಂದರೆ ಮಂಡಲವನ್ನು ಒಂದು ಕಡೆ ಕಡಿದು, ಕಡಿದ ಎರಡು ತುದಿಗಳ ನಡುವೆ ಮೀಟರನ್ನು ಸೇರಿಸಬೇಕು. ಹರಿಯುವುದೆಲ್ಲ ಮೀಟರಿನ ಮೂಲಕವೇ ಹರಿಯಬೇಕು. ಚೈನಿನ ಒಂದು ಕೊಂಡಿ ಕಳಚಿ ಆ ಜಾಗಕ್ಕೆ ಎಣಿಸುವ ಕೊಂಡಿಯೊಂದನ್ನು ಹಾಕಿದ ಹಾಗೆ.

ಕ್ರಮ ಹೀಗಿರಲಿ:

1. ಒಂದು ಸೆಲ್ಲನ್ನು ಹೋಲ್ಡರಿನಿಂದ ತೆಗೆದು ಮಂಡಲವನ್ನು ಆರಿಸಿ.
2. ಕಪ್ಪು ಪ್ರೋಬ್ ‘ಕಾಮ್’ ಎಂದಿರುವ ತೂತಿನಲ್ಲಿರಲಿ. ಕೆಂಪು ಪ್ರೋಬ್ ‘ಎಂಎ’ ಎಂದಿರುವ ತೂತಿನಲ್ಲಿರಲಿ. ಅಗ್ಗದ ಮೀಟರುಗಳಲ್ಲಿ ವೋಲ್ಟ್, ಓಮ್, ಮಿಲಿ ಆಂಪಿಯರ್ ಮೂರಕ್ಕೂ ಒಂದೇ ತೂತು ಇರುತ್ತದೆ.
3. ನಾಬನ್ನು ಡಿಸಿ ಆಂಪಿಯರಿನ ಭಾಗಕ್ಕೆ ತಿರುಗಿಸಿ. ಮೊದಲು ದೊಡ್ಡ ರೇಂಜು, 200 ಮಿಲಿ ಆಂಪಿಯರ್. ಅಂಕಿ ತೀರಾ ಚಿಕ್ಕದಾಗಿದ್ದರೆ ಆಮೇಲೆ ಇಳಿಸಬಹುದು.
4. ಎಲ್‌ಇಡಿಯ ಗಿಡ್ಡ ಕಾಲಿನಿಂದ ಮೈನಸ್‌ಗೆ ಹೋಗುವ ವೈರನ್ನು ಬಿಡಿಸಿ. ಬಿಡಿಸಿದ ಎಲ್‌ಇಡಿ ತುದಿಗೆ ಕೆಂಪು ಪ್ರೋಬ್, ಮೈನಸ್ ತುದಿಗೆ ಕಪ್ಪು ಪ್ರೋಬ್ ಹಿಡಿಸಿ.
5. ಸೆಲ್ಲನ್ನು ಮರಳಿ ಹಾಕಿ, ಅಂಕಿ ಓದಿ. ಮುಂದೆ ಮೈನಸ್ ಗುರುತು ಬಂದರೆ ಪ್ರೋಬುಗಳು ತಿರುಗುಮುರುಗಾಗಿವೆ ಎಂದಷ್ಟೇ ಅರ್ಥ.
6. ಓದಿಯಾದ ಮೇಲೆ ಮೊದಲ ಕೆಲಸವಾಗಿ ನಾಬನ್ನು ವೋಲ್ಟ್ ಭಾಗಕ್ಕೆ ತಿರುಗಿಸಿಡಿ. ಕೆಂಪು ಪ್ರೋಬನ್ನು ಬೇರೆ ತೂತಿಗೆ ಬದಲಿಸಿದ್ದರೆ ಅದನ್ನೂ ವಾಪಸು ತನ್ನಿ.

ಆರನೆಯ ಹೆಜ್ಜೆಯನ್ನು ಮರೆತದ್ದರಿಂದ ಸುಟ್ಟ ಫ್ಯೂಸುಗಳಿಗೆ ಲೆಕ್ಕವಿಲ್ಲ. ಆಂಪಿಯರ್ ಭಾಗದಲ್ಲಿರುವ ಮೀಟರ್ ಹೆಚ್ಚುಕಡಿಮೆ ಒಂದು ತುಂಡು ತಂತಿಯಿದ್ದಂತೆ. ಅದನ್ನು ಹಾಗೇ ಬಿಟ್ಟು, ‘ಬ್ಯಾಟರಿಯ ವೋಲ್ಟೇಜ್ ನೋಡೋಣ’ ಎಂದು ಪ್ರೋಬುಗಳನ್ನು ಪ್ಲಸ್ ಮೈನಸ್‌ಗೆ ಮುಟ್ಟಿಸಿದರೆ ಬ್ಯಾಟರಿಯನ್ನು ಶಾರ್ಟ್ ಮಾಡಿದ ಹಾಗೆಯೇ. ಪಿಯುಸಿ ಪ್ರಯೋಗಾಲಯದಲ್ಲಿ ನಾನು ಅಮ್ಮೀಟರನ್ನು, ಅಂದರೆ ಕರೆಂಟ್ ಅಳೆಯುವ ಮೀಟರನ್ನು, ರೆಸಿಸ್ಟರಿಗೆ ಅಡ್ಡಲಾಗಿ ಜೋಡಿಸಿ ಪ್ಲಗ್ ಕೀ ಹಾಕಿದ ಕ್ಷಣ ಮುಳ್ಳು ಕೊನೆಯ ಗೆರೆಗೆ ಬಡಿದು ಬಾಗಿಹೋಯಿತು. ಮುಂದಿನ ಬೆಂಚಿನವರು ಆ ದಿನ ಆ ಮೀಟರಿಲ್ಲದೆ ಕಾಯಬೇಕಾಯಿತು. ಅಂದಿನಿಂದ ಪ್ಲಗ್ ಕೀ ಹಾಕುವ ಮುನ್ನ ಕರೆಂಟಿನ ದಾರಿಯನ್ನು ಬೆರಳಿನಿಂದ ಒಂದು ಸುತ್ತು ಗುರುತಿಸುವುದು ರೂಢಿಯಾಯಿತು: ಪ್ಲಸ್ಸಿನಿಂದ ಹೊರಟ ಬೆರಳು ಎಲ್ಲೂ ಕವಲೊಡೆಯದೆ, ಮೀಟರನ್ನು ಹಾದು ಮೈನಸ್ ತಲುಪಬೇಕು. ಈ ರೂಢಿಯನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ.

ಇನ್ನೊಂದು ಎಚ್ಚರಿಕೆ. ಅಗ್ಗದ ಮೀಟರುಗಳಲ್ಲಿ 10 ಆಂಪಿಯರಿಗೆ ಇರುವ ಪ್ರತ್ಯೇಕ ತೂತಿಗೆ ಫ್ಯೂಸೇ ಇರುವುದಿಲ್ಲ; ಅದರ ಪಕ್ಕದಲ್ಲೇ ‘ಅನ್‌ಫ್ಯೂಸ್ಡ್’ ಎಂದು ಅಚ್ಚಾಗಿರುತ್ತದೆ. ಆ ತೂತಿನಲ್ಲಿ ಪ್ರೋಬ್ ಇಟ್ಟುಕೊಂಡು ಲಿಥಿಯಂ ಬ್ಯಾಟರಿ ಅಥವಾ ಬೈಕಿನ ಬ್ಯಾಟರಿಯ ಎರಡೂ ತುದಿಗಳನ್ನು ಮುಟ್ಟಿದರೆ ಕಿಡಿ ಹಾರುತ್ತದೆ, ವೈರು ಕರಗುತ್ತದೆ, ಕೈ ಸುಡುತ್ತದೆ.

ಮೀಟರಿನ ಹೊಟ್ಟೆಯೊಳಗೆ

ಮೀಟರ್ ಕರೆಂಟನ್ನು ನೇರವಾಗಿ ಎಣಿಸುವುದಿಲ್ಲ. ಡಿಜಿಟಲ್ ಮೀಟರಿನ ಒಳಗಿರುವ ಚಿಪ್ ಬಲ್ಲದ್ದು ವೋಲ್ಟೇಜ್ ಅಳೆಯುವುದನ್ನು ಮಾತ್ರ. ಆದ್ದರಿಂದ ಕರೆಂಟ್ ಹೋಗುವ ದಾರಿಯಲ್ಲಿ ಗೊತ್ತಿರುವ ಬೆಲೆಯ ಒಂದು ಸಣ್ಣ ರೋಧವನ್ನು (ರೆಸಿಸ್ಟೆನ್ಸ್) ಇಟ್ಟು, ಅದರ ಎರಡು ತುದಿಗಳ ನಡುವೆ ಏಳುವ ವೋಲ್ಟೇಜನ್ನು ನೋಡುತ್ತದೆ. ಆ ಸಣ್ಣ ರೋಧಕ್ಕೆ ಷಂಟ್ ಎಂದು ಹೆಸರು. ಪೇಟೆಯಲ್ಲಿ ಎಲ್ಲೆಡೆ ಸಿಗುವ ಹಳದಿ ಮೈಯ ಅಗ್ಗದ ಮೀಟರುಗಳಲ್ಲಿ ಮಿಲಿ ಆಂಪಿಯರ್ ರೇಂಜುಗಳಲ್ಲಿ ಅಂಕಿ ತುಂಬಿದಾಗ ಷಂಟಿನ ಮೇಲೆ 200 ಮಿಲಿ ವೋಲ್ಟ್ ಇರುತ್ತದೆ. ಹಾಗೆಂದರೆ 200 ಮಿಲಿ ಆಂಪಿಯರ್ ರೇಂಜಿಗೆ ಷಂಟ್ 1 ಓಮ್. 20 ಮಿಲಿ ಆಂಪಿಯರ್ ರೇಂಜಿಗೆ 10 ಓಮ್. 10 ಆಂಪಿಯರಿಗೆ ಒಂದು ಓಮಿನ ನೂರನೇ ಒಂದು ಪಾಲು, ಬಾಗಿಸಿದ ಒಂದು ದಪ್ಪ ತಂತಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಷಂಟ್ ಎಷ್ಟೇ ಚಿಕ್ಕದಾದರೂ ಅದು ನಮ್ಮ ಮಂಡಲಕ್ಕೆ ಹೊಸದಾಗಿ ಸೇರಿದ ರೋಧ. ಲೆಕ್ಕ ಹಾಕೋಣ. ಸೆಲ್ಲುಗಳಿಂದ 6 ವೋಲ್ಟ್. ಅದರಲ್ಲಿ ಕೆಂಪು ಎಲ್‌ಇಡಿ ತನಗೆಂದು ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದ 4 ವೋಲ್ಟ್ ರೋಧದ ಪಾಲು. ಮೀಟರ್ ಇಲ್ಲದಿದ್ದಾಗ ಕರೆಂಟ್ 4 ÷ 330, ಅಂದರೆ 12.12 ಮಿಲಿ ಆಂಪಿಯರ್. ಮೀಟರನ್ನು 200ರ ರೇಂಜಿನಲ್ಲಿ ಸೇರಿಸಿದರೆ 4 ÷ 331, ಅಂದರೆ 12.08, ಪರದೆಯ ಮೇಲೆ 12.1 ಎಂದು ಕಾಣುತ್ತದೆ. ಇನ್ನೂ ಸೂಕ್ಷ್ಮವಾಗಿ ನೋಡೋಣವೆಂದು 20ರ ರೇಂಜಿಗೆ ಬಂದರೆ 4 ÷ 340, ಅಂದರೆ 11.76. ದಶಮಾಂಶದ ನಂತರ ಒಂದು ಅಂಕಿ ಹೆಚ್ಚಾಗಿ ಸಿಕ್ಕಿತು, ಆದರೆ ಕರೆಂಟೇ ಶೇ 3ರಷ್ಟು ಇಳಿಯಿತು! ಮೀಟರ್ ಸುಳ್ಳು ಹೇಳುತ್ತಿಲ್ಲ. ಈಗ ಹರಿಯುತ್ತಿರುವುದು ನಿಜಕ್ಕೂ 11.76. ಮೀಟರ್ ಇಲ್ಲದಾಗ ಹರಿಯುತ್ತಿದ್ದ ಕರೆಂಟ್ ಮಾತ್ರ ಅದಲ್ಲ.

ಸರಣಿ ಮಂಡಲದಲ್ಲಿ ಅಳೆಯುವುದೂ ಸ್ವಲ್ಪಮಟ್ಟಿಗೆ ನಿಯಂತ್ರಿಸುವುದೇ. ಒಳ್ಳೆಯ ಅಮ್ಮೀಟರ್ ಎಂದರೆ ತಾನು ಇದ್ದೂ ಇಲ್ಲದಂತಿರುವ ಅಮ್ಮೀಟರ್, ರೋಧ ಸೊನ್ನೆಗೆ ಆದಷ್ಟು ಹತ್ತಿರವಿರುವಂಥದ್ದು.

ಶಾಲೆ ಕಾಲೇಜುಗಳ ಮುಳ್ಳಿನ ಅಮ್ಮೀಟರಿನಲ್ಲೂ ಇದೇ ಯುಕ್ತಿ. ಅಯಸ್ಕಾಂತದ ಧ್ರುವಗಳ ನಡುವೆ ನವಿರಾದ ತಂತಿಯ ಸುರುಳಿ ತೂಗಿರುತ್ತದೆ. ಅದರಲ್ಲಿ ಕರೆಂಟ್ ಹರಿದಾಗ ಸುರುಳಿ ತಿರುಗುತ್ತದೆ, ಮುಳ್ಳನ್ನು ತಿರುಗಿಸುತ್ತದೆ. ಆದರೆ ಸುರುಳಿ ಬಹಳ ಕೋಮಲ. 50 ಓಮ್ ರೋಧದ ಸುರುಳಿ 1 ಮಿಲಿ ಆಂಪಿಯರಿಗೇ ಪೂರ್ತಿ ತಿರುಗುತ್ತದೆ ಎಂದಿಟ್ಟುಕೊಳ್ಳಿ. ಅದರಿಂದ 100 ಮಿಲಿ ಆಂಪಿಯರ್ ಅಳೆಯಬೇಕಾದರೆ ಉಳಿದ 99 ಪಾಲಿಗೆ ಪಕ್ಕದಲ್ಲಿ ಬೇರೆ ಹಾದಿ ಬೇಕು. 50 ಮಿಲಿ ವೋಲ್ಟನ್ನು 99 ಮಿಲಿ ಆಂಪಿಯರಿನಿಂದ ಭಾಗಿಸಿದರೆ ಸುಮಾರು ಅರ್ಧ ಓಮ್. ಅಷ್ಟು ರೋಧದ ತುಂಡನ್ನು ಸುರುಳಿಗೆ ಸಮಾಂತರವಾಗಿ ಬೆಸೆದರೆ ಕೆಲಸ ಮುಗಿಯಿತು. ಜಾತ್ರೆಯ ದಿನ ಊರೊಳಗಿನ ಇಕ್ಕಟ್ಟಾದ ಬೀದಿಗೆ ಒಂದು ಬಂಡಿ ಬಿಟ್ಟು, ಉಳಿದ 99 ಬಂಡಿಗಳನ್ನು ಹೊರಗಿನ ದಾರಿಗೆ ತಿರುಗಿಸಿದ ಹಾಗೆ.

ಓಮ್ ಕಂಡುಕೊಂಡ ‘ಉಳಿದದ್ದು’

ಮೇಲಿನ ಲೆಕ್ಕಕ್ಕೆಲ್ಲ ಆಧಾರವಾದ ನಿಯಮವನ್ನು ಕೊಟ್ಟವನು ಜರ್ಮನಿಯ ಗೇಯೊರ್ಗ್ ಸಿಮೊನ್ ಓಮ್. ಕಲೋನ್ ನಗರದ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದಾಗ ಅವನು ಈ ಪ್ರಯೋಗಗಳನ್ನು ಮಾಡಿದ. 1820ರಲ್ಲಿ ಓರ್‌ಸ್ಟೆಡ್ ಎಂಬ ವಿಜ್ಞಾನಿ, ಕರೆಂಟ್ ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆಂದು ತೋರಿಸಿದ್ದ. ಓಮ್ ಅದನ್ನೇ ಅಳತೆಯ ಸಾಧನ ಮಾಡಿಕೊಂಡ. ತಂತಿಯ ಮೇಲೆ ಎಳೆಯೊಂದರಿಂದ ತೂಗುಬಿಟ್ಟ ಮುಳ್ಳನ್ನು ಮರಳಿ ಮೊದಲಿನ ಜಾಗಕ್ಕೆ ತರಲು ಎಳೆಯನ್ನು ಎಷ್ಟು ತಿರುಚಬೇಕೋ ಅಷ್ಟು ಕರೆಂಟ್ ಎಂದು ಲೆಕ್ಕ ಹಿಡಿದ.

ಮೊದಲು ಅವನು ಬಳಸಿದ ಬ್ಯಾಟರಿಯ ಬಲ ನಿಮಿಷ ನಿಮಿಷಕ್ಕೂ ಇಳಿಯುತ್ತಿತ್ತು, ಅಂಕಿಗಳು ನಿಲ್ಲುತ್ತಿರಲಿಲ್ಲ. ಆಗ ಪೊಗೆಂಡಾರ್ಫ್ ಎಂಬ ವಿಜ್ಞಾನಿ ಕೊಟ್ಟ ಸಲಹೆಯಂತೆ ಬಿಸ್ಮತ್ ಮತ್ತು ತಾಮ್ರವನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟ. ನೀರು ಕುದಿಯುವ ತಾಪವೂ ಮಂಜು ಕರಗುವ ತಾಪವೂ ಅಲುಗಾಡುವುದಿಲ್ಲವಾದ್ದರಿಂದ ಆ ತಾಪದ ಅಂತರದಿಂದ ಹುಟ್ಟುವ ಸ್ಥಿರವಾದ ವೋಲ್ಟೇಜ್ ಸಿಕ್ಕಿತು. ಒಂದೇ ದಪ್ಪದ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಸರಣಿಯಲ್ಲಿ ಸೇರಿಸಿ ಅಳೆದ.

ಅವನಿಗೆ ಸಿಕ್ಕ ಸೂತ್ರದ ತಿರುಳು ಇದು: ಕರೆಂಟ್ ಎಂದರೆ ಮೂಲದ ಬಲವನ್ನು ‘ಪರೀಕ್ಷೆಯ ತಂತಿ ಮತ್ತು ಉಳಿದ ಮಂಡಲ’ ಇವೆರಡರ ಮೊತ್ತದಿಂದ ಭಾಗಿಸಿದ್ದು. ಆ ‘ಉಳಿದ ಮಂಡಲ’ವನ್ನು ಬಿಡದೆ ಲೆಕ್ಕಕ್ಕೆ ತೆಗೆದುಕೊಂಡದ್ದೇ ಅವನ ದೊಡ್ಡಸ್ತಿಕೆ. ಜೋಡಿಸುವ ತಂತಿ, ಮೂಲದ ಒಳಗಿನ ಲೋಹ, ಅಳೆಯುವ ಭಾಗ ಎಲ್ಲವೂ ಸರಣಿಯಲ್ಲೇ ಇವೆ, ಎಲ್ಲವೂ ಹರಿವನ್ನು ತಡೆಯುತ್ತವೆ. 1827ರಲ್ಲಿ ಈ ವಿಷಯದ ಮೇಲೆ ಅವನ ಪುಸ್ತಕ ಬಂತು. ಮೊದಲು ಸಿಗದ ಮನ್ನಣೆ 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲಿ ಪದಕದ ರೂಪದಲ್ಲಿ ಬಂತು.

ಓಮ್ ಬಿಡದೆ ಎಣಿಸಿದ ಆ ‘ಉಳಿದದ್ದು’ ನಮ್ಮ ಸೆಲ್ಲಿನ ಒಳಗೂ ಇದೆ. ಅದಕ್ಕೆ ಆಂತರಿಕ ರೋಧ ಎನ್ನುತ್ತಾರೆ. ರಿಮೋಟ್ ಕೆಲಸ ಮಾಡುತ್ತಿಲ್ಲ, ಸೆಲ್ಲನ್ನು ಮೀಟರಿನಿಂದ ನೋಡಿದರೆ 1.5 ವೋಲ್ಟ್ ತೋರಿಸುತ್ತಿದೆ. ಸೆಲ್ಲು ಚೆನ್ನಾಗಿಯೇ ಇದೆಯಲ್ಲ ಎಂದು ರಿಮೋಟನ್ನು ದೂರುತ್ತೇವೆ. ಅದೇ ಸೆಲ್ಲಿಗೆ 10 ಓಮಿನ ರೆಸಿಸ್ಟರ್ ಒಂದನ್ನು ಅಡ್ಡ ಹಿಡಿದು ಒಂದೆರಡು ಸೆಕೆಂಡಿನೊಳಗೆ ವೋಲ್ಟೇಜ್ ಓದಿ. 1.35ಕ್ಕೆ ಇಳಿಯಿತು ಎನ್ನೋಣ. ಹರಿದ ಕರೆಂಟ್ 1.35 ÷ 10, ಅಂದರೆ 0.135 ಆಂಪಿಯರ್. ಕಳೆದುಹೋದ 0.15 ವೋಲ್ಟನ್ನು 0.135ರಿಂದ ಭಾಗಿಸಿದರೆ 1.1 ಓಮ್. ಇಷ್ಟು ರೋಧ ಸೆಲ್ಲಿನ ಹೊಟ್ಟೆಯೊಳಗೇ ಕೂತಿದೆ. ಹೊಸ ಆಲ್ಕಲೈನ್ ಸೆಲ್ಲಿನಲ್ಲಿ ಇದು ಒಂದು ಓಮಿನ ಕೆಲವೇ ಹತ್ತನೇ ಪಾಲಿನಷ್ಟಿರುತ್ತದೆ. ಸೆಲ್ಲು ಸವೆದಂತೆ ಏರುತ್ತದೆ. ಕೀಚೈನಿನ ಪುಟ್ಟ ಎಲ್‌ಇಡಿ ಟಾರ್ಚುಗಳಲ್ಲಿ ಅನೇಕ ಸಲ ರೆಸಿಸ್ಟರೇ ಇರುವುದಿಲ್ಲ. ಬಟನ್ ಸೆಲ್ಲಿನ ಆಂತರಿಕ ರೋಧವೇ ಅಲ್ಲಿ ಕರೆಂಟನ್ನು ಹಿಡಿದಿಡುತ್ತದೆ.

ಹರಿವಿಗೆ ಲಗಾಮು

ಎಲ್‌ಇಡಿಯನ್ನು ರೆಸಿಸ್ಟರ್ ಇಲ್ಲದೆ ನೇರವಾಗಿ 6 ವೋಲ್ಟಿಗೆ ಕೊಟ್ಟರೆ ಒಂದು ಕ್ಷಣ ಝಗ್ಗೆಂದು ಬೆಳಗಿ ಸತ್ತುಹೋಗುತ್ತದೆ. ಅದಕ್ಕೆ ಸ್ವಂತ ಹಿಡಿತವಿಲ್ಲ. ತನ್ನ ಎರಡು ವೋಲ್ಟಿನ ಗಡಿ ದಾಟಿದ ಮೇಲೆ ವೋಲ್ಟೇಜ್ ಕೊಂಚ ಏರಿದರೂ ಕರೆಂಟ್ ಹಲವು ಪಟ್ಟು ನುಗ್ಗುತ್ತದೆ. ಸರಣಿಯಲ್ಲಿ ಕೂತ ರೆಸಿಸ್ಟರ್ ಆ ಹಿಡಿತವನ್ನು ಕೊಡುತ್ತದೆ. ಸೂತ್ರ ಸರಳ: ಬ್ಯಾಟರಿಯ ವೋಲ್ಟೇಜಿನಿಂದ ಎಲ್‌ಇಡಿಯ ಪಾಲನ್ನು ಕಳೆದು, ಬೇಕಾದ ಕರೆಂಟಿನಿಂದ ಭಾಗಿಸಿದರೆ ಬೇಕಾದ ರೋಧ ಸಿಗುತ್ತದೆ. 6 ವೋಲ್ಟಿನಲ್ಲಿ ಒಂದು ಕೆಂಪು ಎಲ್‌ಇಡಿಗೆ:

- 1000 ಓಮ್ ಹಾಕಿದರೆ 4 ಮಿಲಿ ಆಂಪಿಯರ್
- 470 ಓಮ್ ಹಾಕಿದರೆ 8.5 ಮಿಲಿ ಆಂಪಿಯರ್
- 330 ಓಮ್ ಹಾಕಿದರೆ 12.1 ಮಿಲಿ ಆಂಪಿಯರ್
- 220 ಓಮ್ ಹಾಕಿದರೆ 18.2 ಮಿಲಿ ಆಂಪಿಯರ್

ಇಂಥ ಸಣ್ಣ ಎಲ್‌ಇಡಿಗಳಿಗೆ ಸಾಮಾನ್ಯವಾಗಿ 20 ಮಿಲಿ ಆಂಪಿಯರ್ ಮಿತಿ. ಹೊಸ ಸೆಲ್ಲು 1.6 ವೋಲ್ಟಿನ ಆಸುಪಾಸಿನಲ್ಲಿರುವುದರಿಂದ ನಿಮ್ಮ ಅಂಕಿಗಳು ಇವಕ್ಕಿಂತ ಸ್ವಲ್ಪ ಮೇಲಿರಬಹುದು. ರೆಸಿಸ್ಟರ್ ಬಿಸಿಯಾಗುವುದೇ ಎಂಬುದನ್ನೂ ನೋಡಿ: 4 ವೋಲ್ಟ್ × 12 ಮಿಲಿ ಆಂಪಿಯರ್, ಅಂದರೆ 48 ಮಿಲಿ ವ್ಯಾಟ್. ಕಾಲು ವ್ಯಾಟ್ ಎಂದರೆ 250. ನಿಶ್ಚಿಂತೆ.

ಬೆಳಕನ್ನು ಬೇಕಾದಂತೆ ಏರಿಸಿ ಇಳಿಸಬೇಕಾದರೆ ರೋಧವೇ ಬದಲಾಗುವಂತಿರಬೇಕು. ಪ್ರಯೋಗಾಲಯದಲ್ಲಿ ಉದ್ದನೆಯ ಕೊಳವೆಗೆ ತಂತಿ ಸುತ್ತಿ, ಮೇಲೆ ಜಾರುವ ಹಿಡಿ ಇಟ್ಟ ರಿಯೋಸ್ಟಾಟನ್ನು ನೋಡಿರುತ್ತೀರಿ. 1843ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಕೊಟ್ಟ ಹೆಸರು ಅದು. ಹರಿವನ್ನು ನಿಲ್ಲಿಸಿಡುವುದು ಎಂಬ ಅರ್ಥದ ಗ್ರೀಕ್ ಬೇರುಗಳಿಂದ ಬಂದದ್ದು. ಮನೆಯಲ್ಲಿ ಅದರ ಬದಲು 1000 ಓಮಿನ ಪೊಟೆನ್ಷಿಯೊಮೀಟರ್ ಸಾಕು. ರೇಡಿಯೊದ ವಾಲ್ಯೂಮ್ ನಾಬಿನ ಹಿಂದಿರುವುದು ಅದೇ ಜಾತಿಯದು. ಅದರ ಮಧ್ಯದ ಕಾಲು ಮತ್ತು ಒಂದು ಅಂಚಿನ ಕಾಲನ್ನು ಮಾತ್ರ ಬಳಸಿ. ಜೊತೆಗೆ 220 ಓಮಿನ ರೆಸಿಸ್ಟರನ್ನು ಸರಣಿಯಲ್ಲಿ ಖಾಯಂ ಆಗಿ ಇಟ್ಟಿರಿ. ನಾಬನ್ನು ಪೂರ್ತಿ ತಿರುಗಿಸಿ ರೋಧ ಸೊನ್ನೆಯಾದರೂ ಆ 220 ಓಮ್ ಎಲ್‌ಇಡಿಯನ್ನು ಕಾಯುತ್ತದೆ. ಹೀಗೆ ಕರೆಂಟನ್ನು 3.3ರಿಂದ 18.2 ಮಿಲಿ ಆಂಪಿಯರಿನವರೆಗೆ ಆಡಿಸಬಹುದು.

ಎಲ್‌ಇಡಿಯ ಬದಲು ಹಳೆಯ ಟಾರ್ಚಿನ ಬಲ್ಬು ಇದ್ದರೆ ಒಂದು ಮಾತು ನೆನಪಿರಲಿ. 2.5 ವೋಲ್ಟ್, 0.3 ಆಂಪಿಯರ್ ಎಂದು ಬರೆದ ಬಲ್ಬಿನ ರೋಧ ಉರಿಯುವಾಗ ಸುಮಾರು 8 ಓಮ್. ಆರಿದ ಬಲ್ಬನ್ನು ಮೀಟರಿನ ಓಮ್ ಭಾಗದಲ್ಲಿ ನೋಡಿದರೆ ಅದಕ್ಕಿಂತ ಹಲವು ಪಟ್ಟು ಕಡಿಮೆ ಕಾಣುತ್ತದೆ. ತಂತು ಬಿಸಿಯಾದಂತೆ ಅದರ ರೋಧ ಏರುತ್ತದೆ. ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಸುಡುವುದಕ್ಕೆ ಆ ತಣ್ಣನೆಯ ತಂತುವಿನಲ್ಲಿ ನುಗ್ಗುವ ಕರೆಂಟೂ ಒಂದು ಕಾರಣ.

ರೋಧದಿಂದ ನಿಯಂತ್ರಿಸುವುದರಲ್ಲಿ ಒಂದು ನಷ್ಟವಿದೆ. 12 ವೋಲ್ಟಿನ ಬ್ಯಾಟರಿಯಿಂದ 6 ವೋಲ್ಟ್, ಅರ್ಧ ಆಂಪಿಯರಿನ ಮೋಟಾರನ್ನು ನಡೆಸಿದರೆ ಮೋಟಾರಿಗೆ 3 ವ್ಯಾಟ್, ರಿಯೋಸ್ಟಾಟಿನಲ್ಲಿ ಸುಡುವುದೂ 3 ವ್ಯಾಟ್. ಅರ್ಧಕ್ಕರ್ಧ ಬಿಸಿಯಾಗಿ ಹೋಗುತ್ತದೆ. ಆದ್ದರಿಂದಲೇ ದೊಡ್ಡ ಕರೆಂಟಿನ ಕಡೆ, ಉದಾಹರಣೆಗೆ ವಿದ್ಯುತ್ ಸ್ಕೂಟರಿನಲ್ಲಿ, ಹರಿವನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತಾರೆ. ಅರ್ಧ ಹೊತ್ತು ಪೂರ್ತಿ ಜೋಡಣೆ, ಅರ್ಧ ಹೊತ್ತು ಪೂರ್ತಿ ಕಡಿತ. ಸ್ವಿಚ್ ಜೋಡಿಸಿದ್ದಾಗ ಅದರ ಮೇಲೆ ವೋಲ್ಟೇಜ್ ಇಲ್ಲ, ಕಡಿದಾಗ ಅದರಲ್ಲಿ ಕರೆಂಟ್ ಇಲ್ಲ. ಎರಡರ ಗುಣಲಬ್ಧವೂ ಸೊನ್ನೆಯ ಹತ್ತಿರವಿರುವುದರಿಂದ ಬಿಸಿ ಬಹಳ ಕಡಿಮೆ.

ದಾರಿ ಕಡಿಯದೆ ಅಳೆಯುವುದು

ಈಗ ನಮ್ಮ ಎಲ್‌ಇಡಿ ಮಂಡಲಕ್ಕೆ ಮರಳೋಣ. ಮೀಟರ್ ತನ್ನ ಹೊಟ್ಟೆಯಲ್ಲಿ ಷಂಟ್ ಇಟ್ಟುಕೊಂಡು ಅದರ ವೋಲ್ಟೇಜ್ ಓದುತ್ತದೆ ಎಂದೆವು. ಹಾಗಾದರೆ ಮಂಡಲದಲ್ಲಿ ಈಗಾಗಲೇ ಕೂತಿರುವ 330 ಓಮ್ ರೆಸಿಸ್ಟರೇ ಷಂಟ್ ಯಾಕಾಗಬಾರದು?

ಮೀಟರನ್ನು 20 ವೋಲ್ಟಿನ ರೇಂಜಿಗೆ ತಿರುಗಿಸಿ. ಏನನ್ನೂ ಕಡಿಯದೆ ಎರಡು ಪ್ರೋಬುಗಳನ್ನು ರೆಸಿಸ್ಟರಿನ ಎರಡು ತುದಿಗಳಿಗೆ ಮುಟ್ಟಿಸಿ. 4 ವೋಲ್ಟ್ ಬಂತು. 4 ÷ 330, 12.1 ಮಿಲಿ ಆಂಪಿಯರ್. ದಾರಿ ಒಂದೇ ಆದ್ದರಿಂದ ರೆಸಿಸ್ಟರಿನ ಕರೆಂಟೇ ಎಲ್‌ಇಡಿಯ ಕರೆಂಟ್, ಅದೇ ಸೆಲ್ಲಿನ ಕರೆಂಟ್. ವೋಲ್ಟ್ ಭಾಗದಲ್ಲಿ ಅಗ್ಗದ ಮೀಟರಿನ ರೋಧವೂ 10 ಲಕ್ಷ ಓಮ್ ಇರುತ್ತದೆ. 4 ವೋಲ್ಟಿಗೆ ಅದು ಎಳೆದುಕೊಳ್ಳುವುದು ಒಂದು ಆಂಪಿಯರಿನ 10 ಲಕ್ಷದ 4 ಪಾಲು ಮಾತ್ರ, ನಮ್ಮ ಕರೆಂಟಿನ ಸುಮಾರು 3000ದ ಒಂದು ಪಾಲು. ಫ್ಯೂಸ್ ಸುಡುವ ಭಯವೂ ಇಲ್ಲ. ಚಿನ್ನದ ಪಟ್ಟಿಯ ರೆಸಿಸ್ಟರಿನ ಬೆಲೆ ಶೇ 5ರಷ್ಟು ಅತ್ತಿತ್ತ ಇರಬಹುದಾದ್ದರಿಂದ, ಜೋಡಿಸುವ ಮುನ್ನ ಅದನ್ನು ಓಮ್ ಭಾಗದಲ್ಲಿ ಅಳೆದು ಬರೆದಿಟ್ಟುಕೊಂಡರೆ ಲೆಕ್ಕ ಇನ್ನೂ ಗಟ್ಟಿ.

ದೊಡ್ಡ ಕಡೆಗಳಲ್ಲೂ ಬಳಸುವುದು ಇದೇ ಉಪಾಯವನ್ನು. ಬ್ಯಾಟರಿ ಕೋಣೆಗಳ ಫಲಕಗಳಲ್ಲಿ ‘50 ಆಂಪಿಯರ್, 75 ಮಿಲಿ ವೋಲ್ಟ್’ ಎಂದು ಕೆತ್ತಿದ ದಪ್ಪ ಲೋಹದ ತುಂಡುಗಳಿರುತ್ತವೆ. ಅದು ಒಂದೂವರೆ ಮಿಲಿ ಓಮಿನ ಷಂಟ್. ಕರೆಂಟ್ ಇನ್ನೂ ದೊಡ್ಡದಾದರೆ, ಅಥವಾ ವೈರನ್ನು ಮುಟ್ಟುವಂತೆಯೇ ಇಲ್ಲದಿದ್ದರೆ ವೈರಿನ ಸುತ್ತ ದವಡೆ ಹಾಕಿ ಅಳೆಯುವ ಕ್ಲಾಂಪ್ ಮೀಟರ್ ಇದೆ. ಒಂದು ಎಚ್ಚರ: ಎಲೆಕ್ಟ್ರಿಷಿಯನ್ನರ ಸಾಮಾನ್ಯ ಕ್ಲಾಂಪ್ ಮೀಟರ್ ಟ್ರಾನ್ಸ್‌ಫಾರ್ಮರಿನ ತತ್ವದ್ದು, ಎಸಿಯನ್ನು ಮಾತ್ರ ಅಳೆಯುತ್ತದೆ. ಡಿಸಿಗೆ ಅದು ಸೊನ್ನೆ ತೋರಿಸುತ್ತದೆ. ಡಿಸಿ ಕ್ಲಾಂಪ್ ಬೇಕೆಂದೇ ಕೇಳಿ ತರಬೇಕು. ಅದರ ದವಡೆಯಲ್ಲಿ, 1879ರಲ್ಲಿ ಎಡ್ವಿನ್ ಹಾಲ್ ಕಂಡ ಪರಿಣಾಮದ ಮೇಲೆ ಕೆಲಸ ಮಾಡುವ ಸಂವೇದಕವಿದ್ದು, ತಂತಿಯ ಸುತ್ತಲಿನ ಕಾಂತಕ್ಷೇತ್ರವನ್ನು ಓದುತ್ತದೆ. ಓಮ್‌ನ ತೂಗುಮುಳ್ಳು ಓದುತ್ತಿದ್ದದ್ದೂ ಅದನ್ನೇ.

ತಾನೇ ಅಳೆದು ತಾನೇ ತಿದ್ದುವ ಮಂಡಲ

ಕೊನೆಯ ಪ್ರಯೋಗಕ್ಕೆ 9 ವೋಲ್ಟಿನ ಚೌಕ ಬ್ಯಾಟರಿ ಮತ್ತು ಎಲ್‌ಎಂ317 ಎಂಬ ಮೂರು ಕಾಲಿನ ಐಸಿ ಬೇಕು. ಮೊದಲು ಐಸಿ ಇಲ್ಲದೆ 560 ಓಮ್ ಮತ್ತು ಒಂದು ಕೆಂಪು ಎಲ್‌ಇಡಿಯನ್ನು ಜೋಡಿಸಿ. 7 ÷ 560, 12.5 ಮಿಲಿ ಆಂಪಿಯರ್. ಬ್ಯಾಟರಿ ಸವೆದು 7 ವೋಲ್ಟಿಗೆ ಇಳಿದರೆ 5 ÷ 560, 8.9ಕ್ಕೆ ಕುಸಿಯುತ್ತದೆ. ಇಲ್ಲವೇ ಬ್ಯಾಟರಿ ಹೊಸದಿದ್ದೇ ಸರಣಿಗೆ ಎರಡನೆಯ ಎಲ್‌ಇಡಿ ಸೇರಿಸಿದರೂ ಅಷ್ಟೇ, 8.9. ಸಂದರ್ಭಕ್ಕೆ ತಕ್ಕಂತೆ ರೋಧ ಬದಲಾಗದಿದ್ದರೆ ಕರೆಂಟ್ ಬದಲಾಗಲೇಬೇಕು.

ಈಗ 560 ಓಮನ್ನು ತೆಗೆಯಿರಿ. ಬ್ಯಾಟರಿಯ ಪ್ಲಸ್ಸನ್ನು ಐಸಿಯ ‘ಇನ್’ ಕಾಲಿಗೆ ಕೊಡಿ. ‘ಔಟ್’ ಕಾಲಿನಿಂದ 100 ಓಮಿನ ರೆಸಿಸ್ಟರ್. ರೆಸಿಸ್ಟರಿನ ಇನ್ನೊಂದು ತುದಿಗೆ ಐಸಿಯ ‘ಅಡ್ಜಸ್ಟ್’ ಕಾಲನ್ನೂ ಎಲ್‌ಇಡಿಯ ಉದ್ದ ಕಾಲನ್ನೂ ಒಟ್ಟಿಗೆ ಸೇರಿಸಿ. ಗಿಡ್ಡ ಕಾಲು ಮೈನಸ್‌ಗೆ. ಎಲ್‌ಎಂ317 ಬಲ್ಲದ್ದು ಒಂದೇ ಕೆಲಸ: ತನ್ನ ‘ಔಟ್’ ಮತ್ತು ‘ಅಡ್ಜಸ್ಟ್’ ಕಾಲುಗಳ ನಡುವೆ ಯಾವಾಗಲೂ 1.25 ವೋಲ್ಟ್ ಇರುವಂತೆ ನೋಡಿಕೊಳ್ಳುವುದು. ಅಲ್ಲಿ 100 ಓಮ್ ಕೂತಿರುವುದರಿಂದ ಕರೆಂಟ್ 1.25 ÷ 100, 12.5 ಮಿಲಿ ಆಂಪಿಯರ್. ಕರೆಂಟ್ ಕೊಂಚ ಇಳಿದರೆ ಆ ವೋಲ್ಟೇಜೂ ಇಳಿಯುತ್ತದೆ, ಐಸಿ ತನ್ನ ಬಾಗಿಲನ್ನು ಹೆಚ್ಚು ತೆರೆಯುತ್ತದೆ. ಏರಿದರೆ ಮುಚ್ಚುತ್ತದೆ. ಬ್ಯಾಟರಿ 7 ವೋಲ್ಟಿಗೆ ಇಳಿದರೂ 12.5. ಬ್ಯಾಟರಿ ಚೆನ್ನಾಗಿರುವಾಗ ಎರಡನೆಯ ಎಲ್‌ಇಡಿ ಸೇರಿಸಿದರೂ 12.5.

ಅಮ್ಮೀಟರಿನೊಳಗಿನ ಷಂಟ್ ಹರಿವನ್ನು ಕೊಂಚ ತಡೆಯುತ್ತಿದ್ದದ್ದು ಅಳತೆಗೆ ಒಂದು ಕೊರತೆಯಾಗಿ ಕಂಡಿತ್ತು. ಎಲ್‌ಇಡಿಯನ್ನು ಕಾಯಲು ಇಟ್ಟ 330 ಓಮ್ ಅಳೆಯುವ ಕೆಲಸಕ್ಕೂ ಒದಗಿತು. ಇಲ್ಲಿ ಆ ಎರಡೂ ಕೆಲಸಗಳು ಒಂದು 100 ಓಮಿನಲ್ಲಿ ಕೂಡಿಕೊಂಡಿವೆ. ಅದು ಹರಿವನ್ನು ಅಳೆದು ಹೇಳುತ್ತದೆ, ಐಸಿ ಕೇಳಿಸಿಕೊಂಡು ತಿದ್ದುತ್ತದೆ. ಫೋನಿನ ಚಾರ್ಜಿಂಗ್ ಮಂಡಲದಲ್ಲೂ ಎಲ್‌ಇಡಿ ಬಲ್ಬಿನ ಡ್ರೈವರಿನಲ್ಲೂ ಇಂಥದೇ ಒಂದು ಸಣ್ಣ ರೋಧ ಕೂತು ಹರಿವಿನ ಲೆಕ್ಕ ಒಪ್ಪಿಸುತ್ತಿರುತ್ತದೆ.

ಎರಡು ಎಲ್‌ಇಡಿಗಳೂ ಉರಿಯುತ್ತಿರುವಾಗ ಮತ್ತೊಮ್ಮೆ ಮೀಟರನ್ನು ಮಂಡಲದೊಳಗೆ ಸೇರಿಸಿ ನೋಡಿ, ಈ ಸಲ ಹಿಂದೆ ಶೇ 3ರಷ್ಟು ಇಳಿಸಿದ್ದ ಅದೇ 20ರ ರೇಂಜಿನಲ್ಲಿ. ಐಸಿಗೆ ಮೊದಲು, ಎರಡು ಎಲ್‌ಇಡಿಗಳ ನಡುವೆ, ಕೊನೆಯಲ್ಲಿ: ಎಲ್ಲ ಕಡೆ ಸುಮಾರು 12.5. ಮೀಟರ್ ತಂದ 10 ಓಮನ್ನೂ ಐಸಿ ಸರಿದೂಗಿಸಿಬಿಟ್ಟಿದೆ. ಯಾರೂ ಏನನ್ನೂ ತಿಂದಿಲ್ಲ. ಹೊರಟದ್ದೆಲ್ಲ ಮರಳಿ ಬಂದಿದೆ.